ಓಡಿ ಬಂದ ಮಗಳ ತಟ್ಟೆ

ಬೆಳಗಿನ ಐದೂವರೆಗೆ ನಮ್ಮ ಬೀದಿಯಲ್ಲಿ ಬೂಟಿನ ಸದ್ದು ಕೇಳಿದರೆ ಅದು ನನ್ನ ಮಗಳದೇ ಎಂದು ಯಳಂದೂರಿನ ನಮ್ಮ ಅಕ್ಕಪಕ್ಕದವರಿಗೆಲ್ಲ ಗೊತ್ತು. ಡಿಗ್ರಿ ಓದುತ್ತಿರುವ ಅವಳು ಕಾಲೇಜಿನ ಗುಡ್ಡಗಾಡು ಓಟದ ತಂಡದಲ್ಲಿದ್ದಾಳೆ. ಗುಂಬಳ್ಳಿ ರಸ್ತೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಅವಳು ಓಡಿದರೆ, ಅವಳ ಅಬ್ಬಾ ಹಿಂದೆ ಸೈಕಲ್ಲಿನಲ್ಲಿ ಹೋಗುತ್ತಾರೆ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್. "ಹೆಣ್ಣುಮಗಳಿಗೆ ಇದೆಲ್ಲ ಯಾಕೆ?" ಎಂದು ಕೇಳಿದವರಿಗೆ ನಾನು ಧೈರ್ಯವಾಗಿಯೇ ಉತ್ತರ ಕೊಟ್ಟಿದ್ದೇನೆ. ಆದರೆ ಇಂದು ನಿಮ್ಮ ಮುಂದೆ ಹೇಳಬೇಕಾಗಿರುವುದು ನನ್ನದೇ ತಪ್ಪನ್ನು.

ಏಳು ಗಂಟೆಗೆ ಓಡಿ ಬರುತ್ತಿದ್ದ ಅವಳು ಸ್ನಾನ ಮಾಡಿ, ಒಂದು ಲೋಟ ಚಹಾ, ಎರಡು ಬಿಸ್ಕತ್ತು ತಿಂದು ಬಸ್ಸಿಗೆ ಓಡುತ್ತಿದ್ದಳು. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ತಿಳಿಸಾರು. ರಾತ್ರಿ ಎಲ್ಲರದ್ದೂ ಆದ ಮೇಲೆ ನನ್ನ ಜೊತೆ ಕುಳಿತು ಉಳಿದದ್ದನ್ನು ತಿನ್ನುತ್ತಿದ್ದಳು. ಅದೇ ಅವಳ ತಮ್ಮ ಸಂಜೆ ಕ್ರಿಕೆಟ್ ಆಡಿ ಬಂದರೆ ಎರಡು ಬೇಯಿಸಿದ ಮೊಟ್ಟೆ, ಹಾಲು ಕಾದಿರುತ್ತಿತ್ತು. ಹೀಗೆ ಮಾಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ನನ್ನ ತವರಿನಲ್ಲೂ ಹೀಗೇ ಇತ್ತು, ಕೈ ತಾನಾಗಿಯೇ ಹಾಗೆ ಬಡಿಸುತ್ತಿತ್ತು, ಅಷ್ಟೇ.

ಅವಳ ಕಾಲುನೋವು ನಾಲ್ಕೈದು ದಿನವಾದರೂ ಇಳಿಯುತ್ತಿರಲಿಲ್ಲ. ನಾನು ಎಣ್ಣೆ ತಿಕ್ಕಿ ಸುಮ್ಮನಾದೆ. ಒಂದು ದಿನ ಮೆಲ್ಲಗೆ, "ಅಮ್ಮೀ, ಮೂರು ತಿಂಗಳಿಂದ ನಾನು ಮುಟ್ಟಾಗಿಲ್ಲ" ಎಂದಳು. ಎದೆ ಧಸಕ್ಕೆಂದಿತು. ವೈದ್ಯೆ ಪರೀಕ್ಷೆ ಮಾಡಿಸಿದರು. ರಕ್ತವೂ ಕಡಿಮೆ ಇತ್ತು. ನಂತರ ಅವರು ಕೇಳಿದ್ದು ಒಂದೇ ಪ್ರಶ್ನೆ: "ಓಡಿ ಬಂದ ಮೇಲೆ ಇವಳು ಏನು ತಿನ್ನುತ್ತಾಳೆ?" ನಾನು ತಲೆ ತಗ್ಗಿಸಿದೆ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ದೂರ ಓಡುವಾಗ ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಖರ್ಚಾಗುತ್ತದೆ. ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳೂ ಆಗುತ್ತವೆ. ಓಡಿದ ಮರುದಿನ, ಅದರ ಮರುದಿನ ನೋವು ಹೆಚ್ಚುವುದು ಇದರಿಂದಲೇ. ದಾಸ್ತಾನು ತುಂಬಲು ಅನ್ನ, ರಾಗಿ, ಬಾಳೆಹಣ್ಣಿನಂಥ ಪಿಷ್ಟ, ಸಕ್ಕರೆಯ ಪದಾರ್ಥ ಬೇಕು. ಬಿರುಕು ಕೂಡಿಸಲು ಪ್ರೋಟೀನ್ ಬೇಕು. ಓಡಿ ಬಂದ ಒಂದೆರಡು ಗಂಟೆಯಲ್ಲಿ ಈ ತುಂಬುವ ಕೆಲಸ ಚುರುಕಾಗಿ ನಡೆಯುತ್ತದೆ. ಒಳಬರುವುದು ದಿನವೂ ಕಡಿಮೆಯಾದರೆ ದೇಹ ಜಿಪುಣತನ ಮಾಡುತ್ತದೆ. ಮೊದಲು ಮುಟ್ಟು ನಿಲ್ಲುತ್ತದೆ, ಆಮೇಲೆ ಮೂಳೆ ಸವೆಯುತ್ತದೆ.

ಸಾಮಾನ್ಯ ಹೆಂಗಸಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ದೂರ ಓಡುವವರಿಗೆ 1.2ರಿಂದ 1.6 ಗ್ರಾಂ ಬೇಕು. ಎಂದರೆ 50 ಕಿಲೋ ತೂಗುವ ನನ್ನ ಮಗಳಿಗೆ 60ರಿಂದ 80 ಗ್ರಾಂ. ಓಡಿ ಬಂದ ಕೂಡಲೇ 20 ಗ್ರಾಂನಷ್ಟು ಸಿಕ್ಕಿದರೆ ಒಳ್ಳೆಯದು. ಗೆಳತಿಯರು ಹೇಳಿದ ಸಾವಿರಾರು ರೂಪಾಯಿಯ ಪುಡಿ ಡಬ್ಬಿ ತರಬೇಕೇ ಎಂದು ಕೇಳಿದೆ. ವೈದ್ಯೆ ನಕ್ಕು, "ನಿಮ್ಮ ಅಡುಗೆಮನೆಯಲ್ಲೇ ಇದೆಯಲ್ಲ" ಎಂದರು.

ಹೌದು, ಇತ್ತು. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ. 75 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಲ್ಲಿ ಸುಮಾರು 50 ಗ್ರಾಂ ಪಿಷ್ಟ, ಜೊತೆಗೆ ಮೂಳೆಗೆ ಬೇಕಾದ ಸುಣ್ಣದಂಶ. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ 25 ಗ್ರಾಂ ಪ್ರೋಟೀನ್. ಈಗ ಅವಳ ಡಬ್ಬಿಯಲ್ಲಿ ಮೊಳಕೆ ಹುರುಳಿಯ ಪಲ್ಯ ಇರುತ್ತದೆ. ತಿಳಿಸಾರಿನ ಜಾಗಕ್ಕೆ ಗಟ್ಟಿ ಬೇಳೆ ಬಂದಿದೆ. ಸೊಪ್ಪಿನ ಜೊತೆ ಬೆಟ್ಟದ ನೆಲ್ಲಿಕಾಯಿ ಕೊಡುತ್ತೇನೆ, ಕಬ್ಬಿಣದಂಶ ಚೆನ್ನಾಗಿ ಮೈಗೂಡುತ್ತದೆ. ಚಹಾ ಊಟವಾಗಿ ಒಂದು ಗಂಟೆಯ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಓಡದವರಿಗೂ ಈ ಮಾತು ಬೇಕಲ್ಲವೇ?

ನೀರಿನ ಲೆಕ್ಕ ಇನ್ನೂ ಸುಲಭ. ಓಡುವ ಮೊದಲು, ಓಡಿದ ಮೇಲೆ ತೂಕ ನೋಡಬೇಕು. ಒಂದು ಕಿಲೋ ಇಳಿದಿದ್ದರೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಉಪ್ಪು ಹಾಕಿದ ಮಜ್ಜಿಗೆ, ಬೆಲ್ಲದ ಪಾನಕ ಕೊಡುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಅದರ ಒಳಗುಟ್ಟು ಈಗ ಅರ್ಥವಾಯಿತು.

ರಮಝಾನ್ ತಿಂಗಳಲ್ಲಿ ಓಟವನ್ನು ರಾತ್ರಿಗೆ ಬದಲಿಸಿ, ದೂರವನ್ನೂ ಕಡಿಮೆ ಮಾಡಿದೆವು. ಇಫ್ತಾರ್‌ಗೆ ಖರ್ಜೂರ, ನೀರು, ಬೇಳೆ ಹಾಕಿದ ಗಂಜಿ. ಮನೆಯಂಗಳದಲ್ಲಿ ಓಡಿ ಬಂದ ಮೇಲೆ ಹಾಲು, ಬಾಳೆಹಣ್ಣು. ಸಹರಿಗೆ ಮುದ್ದೆ, ಮೊಟ್ಟೆ. ಕರಿದ ಸಮೋಸ ಒಂದೇ ಒಂದು.

ಐದು ತಿಂಗಳ ಹೊತ್ತಿಗೆ ಅವಳ ಮುಟ್ಟು ಸರಿಹೋಯಿತು. ಕಾಲುನೋವು ಈಗ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪದಕವೇನೂ ಬಂದಿಲ್ಲ, ಬಾರದಿದ್ದರೂ ಚಿಂತೆಯಿಲ್ಲ.

ಸೋದರಿಯರೇ, ನಿಮ್ಮ ಮಗಳು ಓಡುತ್ತಿರಲಿಕ್ಕಿಲ್ಲ. ಆದರೆ ಬೆಳಗಿನಿಂದ ನೀರು ಹೊತ್ತು, ಬಟ್ಟೆ ಒಗೆದು, ಹೊಲದಲ್ಲೋ ರೇಷ್ಮೆ ಹುಳು ಮನೆಯಲ್ಲೋ ದುಡಿದು ಬರುವವರು ನಿಮ್ಮಲ್ಲಿ ಎಷ್ಟು ಮಂದಿ? ಮೊನ್ನೆ ರಾತ್ರಿ ಎಲ್ಲರಿಗೂ ಬಡಿಸಿ ನಾನು ಪಾತ್ರೆಯ ತಳ ಕೆರೆಯುತ್ತಿದ್ದಾಗ ಮಗಳು ತನ್ನ ತಟ್ಟೆಯ ಒಂದು ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿ, "ನೀವೂ ಬೆಳಗಿನಿಂದ ನಿಂತೇ ಇದ್ದೀರಲ್ಲ ಅಮ್ಮೀ" ಎಂದಳು. ಮರುದಿನದಿಂದ ಒಂದು ಮೊಟ್ಟೆ ಹೆಚ್ಚಿಗೆ ಬೇಯಿಸುತ್ತಿದ್ದೇನೆ.