ಗುಡುಗುಡಿ ಅಂದರೆ ಏನು?

ಪವಾಯಿಯ ನಮ್ಮ ಮನೆಯಲ್ಲಿ ಮಗ ಹಾಡು ಹಚ್ಚಿದನೆಂದರೆ ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುವುದು ರೂಢಿ. ಒಂದು ದಿನ ಮಾತ್ರ ಎದ್ದು ಹೋಗಿ ಕಿವಿಗೊಟ್ಟೆ. ಗಿಟಾರ್, ಪಿಟೀಲುಗಳ ನಡುವೆ ನಮ್ಮ ಶಿಶುನಾಳ ಶರೀಫರು! ರಘು ದೀಕ್ಷಿತ್ ತಂಡದ ಮೊದಲ ಆಲ್ಬಮ್ ಅದು. 2008ರಲ್ಲಿ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಹೊರತಂದದ್ದು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕೂಡ ಅದರಲ್ಲಿದೆ.

ಧ್ವನಿಮುದ್ರಣ ಅಚ್ಚುಕಟ್ಟಾಗಿತ್ತು. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ನುಡಿಸಿ, ತಪ್ಪಿದ್ದನ್ನು ಮತ್ತೆ ಹಾಡಿ ಜೋಡಿಸಬಹುದು. ಆದರೂ ಊರಿನ ಭಜನೆಯಲ್ಲಿ ಈ ಪದಗಳನ್ನು ಕೇಳಿ ಬೆಳೆದ ನನಗೆ ಏನೋ ಕೊರತೆ. ಅಲ್ಲಿ ಏಕತಾರಿ ಹಿಡಿದವನು ಕುಳಿತವರ ಮುಖ ನೋಡಿ ಪಲ್ಲವಿ ಎಳೆಯುತ್ತಿದ್ದ. ಇಂದಿನಂತೆ ನಾಳೆ ಹಾಡುತ್ತಿರಲಿಲ್ಲ.

ಮುಂದೊಮ್ಮೆ ಮಗನೇ ಆ ತಂಡದ ಕಾರ್ಯಕ್ರಮಕ್ಕೆ ಕರೆದೊಯ್ದ. ಲುಂಗಿಯುಟ್ಟು ಗೆಜ್ಜೆ ಕಟ್ಟಿದ ದೀಕ್ಷಿತರು ಹಾಡು ನಿಲ್ಲಿಸಿದರು, ಜನರಿಂದ ಹಾಡಿಸಿದರು, ಮತ್ತೆ ಓಡಿಸಿದರು. ಸ್ಟುಡಿಯೋದ ನುಣುಪು ಬೇಕೆಂದು ಯಾರಿಗೂ ಅನಿಸಲಿಲ್ಲ. ಕನ್ನಡ ಬಾರದವರೂ ಪಲ್ಲವಿ ಹಿಡಿದಿದ್ದರು. ಪಕ್ಕದ ಹುಡುಗಿ ಮಗನನ್ನು ಅರ್ಥ ಕೇಳಿದಳು. ಅವನು ಪೆಚ್ಚಾಗಿ ನನ್ನತ್ತ ತಿರುಗಿದ: “ಅಪ್ಪಾ, ಗುಡುಗುಡಿ ಅಂದರೆ ಏನು?”

ಮನೆಯಲ್ಲಿ ಕನ್ನಡ ಕಲಿಸಲು ಎಷ್ಟು ಹೆಣಗಿದರೂ ಅವನ ಬಾಯಿಂದ ಬಾರದಿದ್ದ ಪ್ರಶ್ನೆ ಅದು! ಆ ರಾತ್ರಿ ಅದೇ ಆಲ್ಬಮ್ ಹಚ್ಚಿ, ಸಾಲು ಸಾಲಿಗೂ ನಿಲ್ಲಿಸಿ, ಹುಕ್ಕಾದ ನೆಪದಲ್ಲಿ ಶರೀಫರು ದೇಹದ ಮಾತು ಹೇಳುವುದನ್ನು ವಿವರಿಸಿದೆ. ವೇದಿಕೆ ಪ್ರಶ್ನೆ ಹುಟ್ಟಿಸಿತ್ತು. ಉತ್ತರಕ್ಕೆ ಧ್ವನಿಮುದ್ರಣವೇ ಬೇಕಾಯಿತು.

ಈಗ ಅವನು ಹಾಡು ಹಚ್ಚಿದರೆ ನಾನು ಬಾಗಿಲು ಮುಚ್ಚುವುದಿಲ್ಲ.