ಟ್ಯೂಬು, ಕಾಲುಚೀಲ, ಚಿಮುಟ

ಹೋದ ವಾರ ಮನೆಗೆ ಹೊಸ ಟ್ಯೂಬ್ ಬಂತು. ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಟ್ಯೂಬ್. ಬ್ಯೂಟೈಲ್ ರಬ್ಬರಿನ ಮಾಮೂಲಿ ಟ್ಯೂಬ್ 100 ಗ್ರಾಂ ದಾಟಿ ತೂಗುತ್ತದೆ. ಇದು 40ರ ಆಸುಪಾಸು. ಕಿತ್ತಳೆ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಮಡಿಸಿದರೆ ಅಂಗೈಯೊಳಗೆ ಮುಚ್ಚಿಹೋಗುತ್ತದೆ. ರಾತ್ರಿ ಊಟವಾದ ಮೇಲೆ ಅದನ್ನು ಮೇಜಿನ ಮೇಲಿಟ್ಟುಕೊಂಡು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಇಷ್ಟು ಚಿಕ್ಕದಾದರೆ ಎರಡನ್ನು ಒಯ್ಯಬಹುದಲ್ಲ ಎಂಬ ಯೋಚನೆಯಿಂದಲೇ ಮನಸ್ಸು ಹಿಗ್ಗಿತು.

ಟ್ರಯಥ್ಲಾನ್ ಸೈಕಲ್ ಇಟ್ಟುಕೊಂಡವರಿಗೆ ಈ ಹಿಗ್ಗು ಯಾಕೆಂದು ಗೊತ್ತು. ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ಕೆತ್ತಿದ ಸೈಕಲ್ಲದು, ಸಾಮಾನು ಇಡಲು ಅದರಲ್ಲಿ ಜಾಗವೇ ಇಲ್ಲ. ಸೀಟ್ ಪೋಸ್ಟ್ ಚಪ್ಪಟೆಯಾಗಿರುವುದರಿಂದ ಸಾಧಾರಣ ಸೀಟ್ ಬ್ಯಾಗಿನ ಪಟ್ಟಿ ಬಿಗಿಯಾಗಿ ಕೂರುವುದಿಲ್ಲ. ಸೀಟಿನ ಹಿಂದೆ ಜೋಡಿ ಬಾಟಲಿ ಹಿಡಿಕೆ ಹಾಕಿಸಿ, ಅದರ ನಡುವೆ ಟ್ಯೂಬನ್ನು ಇನ್ಸುಲೇಷನ್ ಟೇಪಿನಿಂದ ಸುತ್ತಿ ಕಟ್ಟುವವರು ಬಹಳ. ಚಿತ್ರದಲ್ಲಿ ನೋಡಲು ಚೆನ್ನ. ನಮ್ಮ ಬೆಂಗಳೂರಿನ ಹನುಮಂತನಗರದಲ್ಲಿ ಅದು ನಡೆಯುವ ಮಾತಲ್ಲ. ರಾಮಾಂಜನೇಯ ಗುಡ್ಡದ ಕಡೆಯಿಂದ ಐವತ್ತು ಅಡಿ ರಸ್ತೆಗೆ ಇಳಿಯುವಷ್ಟರಲ್ಲಿ ಬಣ್ಣ ಬಳಿಯದ ಹಂಪುಗಳು ಎಷ್ಟು ಸಿಗುತ್ತವೆಂದರೆ, ಸೀಟಿನ ಹಿಂದೆ ನೇತುಹಾಕಿದ್ದು ಏನೇ ಇರಲಿ ಸಡಿಲಾಗುತ್ತದೆ. ಬಾಟಲಿ ಹಾರಿ ಬಿದ್ದರೆ ಸದ್ದಾಗುತ್ತದೆ, ತಿರುಗಿ ನೋಡಬಹುದು. ಟ್ಯೂಬ್ ಬಿದ್ದರೆ ಬೇಕಾದಾಗಲೇ ಗೊತ್ತಾಗುವುದು.

ಆದ್ದರಿಂದ ನನ್ನ ಸಾಮಾನೆಲ್ಲ ಕೆಳಗಿನ ಪೈಪಿನ ಬಾಟಲಿ ಹಿಡಿಕೆಯಲ್ಲಿ ಕೂರುವ, ಅಗಲ ಬಾಯಿಯ ಟೂಲ್ ಬಾಟಲಿಯಲ್ಲಿ. ನೀರನ್ನು ಮುಂದೆ, ಏರೋಬಾರಿನ ಮಧ್ಯೆ ಇಟ್ಟುಕೊಂಡರಾಯಿತು. ಆ ಬಾಟಲಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಳೆಯ ಕಾಲುಚೀಲ.

ಈ ಕಾಲುಚೀಲದ ವಿಷಯದಲ್ಲಿ ನಾನು ಯಾರಿಗೂ ಸೋಲುವವನಲ್ಲ. ಸ್ಪೇರ್ ಟ್ಯೂಬ್ ಸಾಯುವುದು ರಸ್ತೆಯಲ್ಲಲ್ಲ, ಚೀಲದಲ್ಲೇ. ತಿಂಗಳುಗಟ್ಟಲೆ ಮಲ್ಟಿಟೂಲಿನ ಅಂಚಿಗೆ ಉಜ್ಜಿಕೊಂಡು, ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಾಗಿ ಕುಳಿತಿರುತ್ತದೆ. ಕತ್ತಲೆಯಲ್ಲಿ ಅದನ್ನು ಹಾಕಿ, ಗಾಳಿ ತುಂಬಿ, ನೂರು ಮೀಟರ್ ಹೋದ ಮೇಲೆ ಮತ್ತೆ ಚಪ್ಪಟೆ. ಟ್ಯೂಬಿಗೆ ಒಂದಿಷ್ಟು ಪೌಡರ್ ಸವರಿ ಕಾಲುಚೀಲದೊಳಗೆ ಇಳಿಸಿದರೆ ಈ ಕಾಟವಿಲ್ಲ. ವಾಲ್ವಿನ ತುದಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿರಲೇಬೇಕು, ಇಲ್ಲವಾದರೆ ಅದೇ ಟ್ಯೂಬನ್ನು ಚುಚ್ಚುತ್ತದೆ. ಬಾಟಲಿಯಲ್ಲಿ ಲೋಹ ಲೋಹಕ್ಕೆ ತಾಗಿ ಗಲಗಲ ಎನ್ನುವುದೂ ನಿಲ್ಲುತ್ತದೆ. ಟೈರಿಗೆ ಗಾಳಿಯ ಬದಲು ತುಂಬುವ ಸಿಓಟು ಕಾರ್ಟ್ರಿಡ್ಜ್ ಬಿಟ್ಟಾಗ ಅದು ಹಿಮಗಟ್ಟಿ ಬೆರಳು ಸುಡುತ್ತದಲ್ಲ, ಆಗ ಹಿಡಿಯಲು ಇದೇ ಕಾಲುಚೀಲ. ಚೈನ್ ಮುಟ್ಟಿದ ಕೈ ಒರೆಸಲೂ ಇದೇ. ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಟ್ಯೂಬಿಗೆಂದೇ ಜಿಪ್ ಹಾಕಿದ ಸಂಚಿ ಮಾರುತ್ತಾರೆ. ಇಷ್ಟರಲ್ಲಿ ಅರ್ಧ ಕೆಲಸವನ್ನೂ ಅದು ಮಾಡುವುದಿಲ್ಲ.

ಬಾಟಲಿಯಲ್ಲಿರುವ ಇನ್ನೊಂದು ಮುಖ್ಯ ಸಾಮಾನು ಚಿಮುಟ. ಹುಬ್ಬು ಕೀಳಲು ಬಳಸುವ ಚೂಪು ತುದಿಯದು.

ನಾವು ಬಸವನಗುಡಿ, ಹನುಮಂತನಗರ, ಶ್ರೀನಗರದ ಕಡೆಯವರು ಭಾನುವಾರ ಬೆಳಗಿನ ಜಾವ ನಾಯಂಡಹಳ್ಳಿ ದಾಟಿ, ಕೆಂಗೇರಿ ಹಾದು ಬಿಡದಿಯ ಕಡೆ ಹೋಗುವುದು ರೂಢಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ನಮ್ಮ ಪಾಲಿಗೆ ಉಳಿದ ಸರ್ವಿಸ್ ರಸ್ತೆಯ ಅಂಚಿನಲ್ಲಿ ಬಿದ್ದಿರುವ ಸರಕನ್ನು ನೋಡಬೇಕು. ಮಣ್ಣು, ಜಲ್ಲಿ, ಬಿಯರ್ ಬಾಟಲಿಯ ಚೂರು, ಎಲ್ಲಕ್ಕಿಂತ ಕೆಟ್ಟದ್ದಾಗಿ ತಂತಿ. ಲಾರಿಗಳ ರೇಡಿಯಲ್ ಟೈರಿನೊಳಗೆ ಉಕ್ಕಿನ ಎಳೆಗಳ ಪಟ್ಟಿ ಇರುತ್ತದೆ. ಟೈರ್ ಸಿಡಿದು ಚಿಂದಿಯಾದಾಗ ಆ ಎಳೆಗಳು ತುಂಡುತುಂಡಾಗಿ ರಸ್ತೆಯಂಚಿಗೆ ಬಂದು ಸೇರುತ್ತವೆ. ಕೂದಲೆಳೆಗಿಂತ ತುಸು ದಪ್ಪ, ಎರಡು ಮೂರು ಮಿ.ಮೀ. ಉದ್ದ. ಟೈರಿನೊಳಗೆ ಹೊಕ್ಕರೆ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಬೆರಳಾಡಿಸಿದರೂ ಸಿಗುವುದಿಲ್ಲ, ಏಕೆಂದರೆ ತೂಕ ಬಿದ್ದಾಗ ಮಾತ್ರ ಅದು ತುದಿ ಹೊರಹಾಕಿ ಚುಚ್ಚುತ್ತದೆ.

ಇದನ್ನು ಹುಡುಕುವುದಕ್ಕೊಂದು ಕ್ರಮವಿದೆ. ಟೈರ್ ಹಾಕುವಾಗಲೇ ಅದರ ಮೇಲಿನ ಕಂಪನಿಯ ಹೆಸರು ವಾಲ್ವಿಗೆ ಸರಿಯಾಗಿ ಬರುವಂತೆ ಕೂರಿಸಬೇಕು. ಪಂಕ್ಚರ್ ಆದಾಗ ಟ್ಯೂಬ್ ಬಿಚ್ಚಿ, ಸ್ವಲ್ಪ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತೂತು ಎಲ್ಲಿದೆ ಎಂದು ನೋಡುವುದು. ವಾಲ್ವಿನಿಂದ ತೂತಿಗೆ ಎಷ್ಟು ಗೇಣು ಎಂದು ಅಳೆದು, ಟೈರಿನ ಮೇಲೆ ಹೆಸರಿನಿಂದ ಅಷ್ಟೇ ಗೇಣು ಅಳೆಯುವುದು. ಟ್ಯೂಬ್ ಯಾವ ಮಗ್ಗುಲಾಗಿತ್ತೋ ನೆನಪಿಲ್ಲದಿದ್ದರೆ ಎರಡೂ ಕಡೆ ಅಳೆದರಾಯಿತು. ಇಡೀ ಟೈರ್ ಜಾಲಾಡುವ ಬದಲು ಎರಡು ಅಂಗುಲ ಜಾಗ ನೋಡಿದರೆ ಸಾಕು. ಆ ಜಾಗವನ್ನು ಒಳಹೊರಗು ಮಾಡಿ ಬಿಲ್ಲಿನಂತೆ ಬಗ್ಗಿಸಿದರೆ ಬೆಳಕಿಗೆ ಚುಕ್ಕಿ ಮಿನುಗುತ್ತದೆ. ಕಾಣದಿದ್ದರೆ ಕಾಲುಚೀಲವನ್ನು ಮೆಲ್ಲಗೆ ಎಳೆದಾಡಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ತಂತಿ. ಆಮೇಲೆ ಚಿಮುಟದಿಂದ ತುದಿ ಹಿಡಿದು ಎಳೆದಾಗ, ಅದು ರಬ್ಬರಿನಿಂದ ಬಿಟ್ಟು ಬರುವ ಆ ಸಣ್ಣ ಜಗ್ಗು ಬೆರಳಿಗೆ ತಿಳಿಯುತ್ತದೆ. ಇಡೀ ಸೈಕಲ್ ಹುಚ್ಚಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆಗಳಲ್ಲಿ ಅದೊಂದು.

ತಂತಿ ಹುಡುಕದೆ ಹೊಸ ಟ್ಯೂಬ್ ತುರುಕಿ ಹೊರಡುವವರನ್ನು ಕಂಡರೆ ಮೈ ಉರಿಯುತ್ತದೆ. ಅದೇ ತಂತಿ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಆಗ ನಮ್ಮ ಹತ್ತಿರ ಬಂದು ಟ್ಯೂಬ್ ಕೇಳುತ್ತಾರೆ. ಕೊಡೋಣವೆಂದರೆ ಅವರದು 80 ಮಿ.ಮೀ. ಎತ್ತರದ ರಿಮ್, ನಮ್ಮ ಟ್ಯೂಬಿನ ವಾಲ್ವ್ ಅದರಿಂದ ಹೊರಗೆ ಇಣುಕುವುದೇ ಇಲ್ಲ. ಅಷ್ಟು ಎತ್ತರದ ಚಕ್ರ ಕೊಂಡವರು ಅದಕ್ಕೆ ತಕ್ಕ ಉದ್ದದ ವಾಲ್ವ್ ಇರುವ ಟ್ಯೂಬನ್ನೋ, ವಾಲ್ವ್ ಎಕ್ಸ್‌ಟೆಂಡರನ್ನೋ ಜೊತೆಗಿಟ್ಟುಕೊಳ್ಳಬೇಡವೆ? ಎಕ್ಸ್‌ಟೆಂಡರ್ ಇದ್ದರೂ ವಾಲ್ವಿನ ಕೋರ್ ಬಿಚ್ಚಲು ಬರುವಂಥದ್ದಾಗಿರಬೇಕು, ತಿರುಪಿಗೆ ಪ್ಲಂಬರ್‌ಗಳು ಬಳಸುವ ಬಿಳಿ ಟೇಪ್ ಒಂದು ಸುತ್ತು ಸುತ್ತಿರಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಲಕ್ಷಗಟ್ಟಲೆ ಕೊಟ್ಟು ಚಕ್ರ ತಂದವರಿಗೆ ಹತ್ತು ರೂಪಾಯಿಯ ಟೇಪು ಭಾರವಾಗಬಾರದು.

ಇನ್ನು ಸಿಓಟು ಮಾತ್ರ ನಂಬಿದವರ ಜೊತೆ ನನ್ನ ಹಳೆಯ ಜಗಳ. ರೇಸಿನ ದಿನ 16 ಗ್ರಾಮಿನ ಕಾರ್ಟ್ರಿಡ್ಜಿಗೆ ಸಾಟಿಯಿಲ್ಲ, ಒಪ್ಪಿದೆ. ಎರಡು ಸೆಕೆಂಡಿನಲ್ಲಿ ಟೈರ್ ಗಟ್ಟಿ. ಆದರೆ ಅದರ ತಲೆ ವಾಲ್ವಿನ ಮೇಲೆ ಸರಿಯಾಗಿ ಕೂರದಿದ್ದರೆ ಅದೇ ಎರಡು ಸೆಕೆಂಡಿನಲ್ಲಿ ಅಷ್ಟೂ ಗಾಳಿಪಾಲು. 2008ರಲ್ಲಿ ಹವಾಯಿಯ ಕೋನಾದಲ್ಲಿ, ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಕ್ರಿಸ್ಸಿ ವೆಲಿಂಗ್ಟನ್‌ಗೆ ಆದದ್ದು ಅದೇ. ಮುಂದಿದ್ದ ಆಕೆ ಪಂಕ್ಚರ್ ಆಗಿ ನಿಂತರು, ಇದ್ದ ಗ್ಯಾಸ್ ವ್ಯರ್ಥವಾಯಿತು, ರಸ್ತೆಬದಿಯಲ್ಲಿ ಕಾಯುತ್ತಾ ನಿಂತರು. ಹಿಂದಿನಿಂದ ಬಂದ ಆಸ್ಟ್ರೇಲಿಯದ ರೆಬೆಕಾ ಕೀಟ್ ತನ್ನ ಕಾರ್ಟ್ರಿಡ್ಜನ್ನು ಕೊಟ್ಟು ಹೋದರು. ವೆಲಿಂಗ್ಟನ್ ಮತ್ತೆ ಹತ್ತಿ, ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಎದುರಾಳಿಗೆ ಗಾಳಿ ಕೊಟ್ಟ ಕೀಟ್ ಅವರನ್ನು ನೆನೆದರೆ ನನಗೆ ಗೆದ್ದವರಿಗಿಂತ ಹೆಚ್ಚು ಪ್ರೀತಿ ಬರುತ್ತದೆ. ಅದೇ ಕೋನಾದಲ್ಲಿ 2005ರಲ್ಲಿ, ಹಿಂದಿನ ವರ್ಷದ ಚಾಂಪಿಯನ್ ನಾರ್ಮನ್ ಸ್ಟಾಡ್ಲರ್ ಪಂಕ್ಚರ್ ಆದ ಸಿಟ್ಟಿಗೆ ಸೈಕಲ್ಲನ್ನೇ ಲಾವಾ ಕಲ್ಲುಗಳ ಮೇಲೆ ಎಸೆದು ರೇಸ್ ಬಿಟ್ಟಿದ್ದರು. ರಿಮ್ಮಿಗೆ ಅಂಟಿಸುವ ಟ್ಯೂಬುಲರ್ ಟೈರ್ ಅವರದು, ಅಂಟು ಹೆಚ್ಚಾಗಿ ಕಿತ್ತು ಬರಲೇ ಇಲ್ಲ. ಮರುವರ್ಷ ಬಂದು ಗೆದ್ದರೆನ್ನಿ.

ಅದಕ್ಕೇ ನಾನು ಕಾರ್ಟ್ರಿಡ್ಜ್ ಜೊತೆ ಗೇಣುದ್ದದ ಕೈಪಂಪನ್ನೂ ಬಾಟಲಿ ಹಿಡಿಕೆಯ ಪಕ್ಕ ಕಟ್ಟುವುದು. ಪಂಪಿನ ಗಾಳಿ ಮುಗಿಯುವುದಿಲ್ಲ. ಸಿಓಟು ತುಂಬಿದ ಬ್ಯೂಟೈಲ್ ಟ್ಯೂಬ್ ಮರುದಿನ ಮೆತ್ತಗಾಗಿರುತ್ತದೆ, ಆ ಅನಿಲ ರಬ್ಬರಿನಲ್ಲಿ ಗಾಳಿಗಿಂತ ಬೇಗ ನುಸುಳಿಹೋಗುತ್ತದೆ. ಪಂಪಿನ ಜೊತೆಗೆ ಕಡಲೆಕಾಳಿನಷ್ಟು ಹಿತ್ತಾಳೆ ಅಡಾಪ್ಟರ್. ನಮ್ಮ ಸೈಕಲ್ಲುಗಳ ತೆಳು ಪ್ರೆಸ್ಟಾ ವಾಲ್ವಿನ ಮೇಲೆ ಅದನ್ನು ತಿರುಪಿದರೆ ಯಾವ ಸ್ಕೂಟರ್ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಿಡಿಸಬಹುದು. ಗವಿಪುರ, ಚಾಮರಾಜಪೇಟೆಯ ಹಳೆಯ ಸೈಕಲ್ ಶಾಪುಗಳು ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಎಲ್ಲರದೂ ಒಂದೇ ವಾಲ್ವ್, ಅದರೊಳಗೆ ಬೆರಳುದ್ದದ ರಬ್ಬರ್ ವಾಲ್ ಟ್ಯೂಬ್. ಅದು ಬಿರಿದರೆ ಎಂಜಲು ಹಚ್ಚಿ ಹೊಸದನ್ನು ಏರಿಸಿದರೆ ಮುಗಿಯಿತು.

ಮತ್ತೆ ರೇಸಿನ ಮಾತಿಗೆ ಬಂದರೆ, ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ನಡೆಯುತ್ತಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. 2024ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದ ಮೇಲೆ ಈ ಭಾಗದ ಹುಡುಗರಲ್ಲಿ ಹುರುಪು ಹೆಚ್ಚಿದೆ, ಸಂತೋಷ. ಆದರೆ ಹೊರಗಿನ ನೆರವು ಅಲ್ಲಿ ನಿಷಿದ್ಧ. ಅಣ್ಣ ಕಾರಿನಲ್ಲಿ ಚಕ್ರ ತಂದುಕೊಟ್ಟರೆ ಅನರ್ಹ. ಹಿಂದೆ ಇಂಥ ನಿಯಮ ಇನ್ನೂ ಬಿಗಿಯಾಗಿತ್ತು. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ತೋಫ್‌ಗೆ ಟೂರ್ಮಲೆ ಬೆಟ್ಟದ ಇಳಿಜಾರಿನಲ್ಲಿ ಫೋರ್ಕ್ ಮುರಿಯಿತು. ಸೈಕಲ್ ಹೊತ್ತು ಹತ್ತಕ್ಕೂ ಹೆಚ್ಚು ಕಿ.ಮೀ. ನಡೆದು, ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಬೆಸೆದ. ಕುಲುಮೆಯ ತಿದಿ ಒತ್ತಿದ್ದು ಒಬ್ಬ ಹುಡುಗ ಎಂಬ ಕಾರಣಕ್ಕೆ ಅವನಿಗೆ ದಂಡದ ನಿಮಿಷಗಳು ಬಿದ್ದವು. ಅಷ್ಟು ಕ್ರೌರ್ಯ ಬೇಡ ಎಂದೇ ನನ್ನ ಅಭಿಪ್ರಾಯ. ಆದರೂ ತನ್ನ ಸೈಕಲ್ಲನ್ನು ತಾನೇ ಎಬ್ಬಿಸಿ ನಿಲ್ಲಿಸಬೇಕೆಂಬ ನಿಯಮದಲ್ಲಿ ಮರ್ಯಾದೆ ಇದೆ. ನಮ್ಮಲ್ಲಿ ಕೆಲವರು ಸೀಟಿನ ಹಿಂದೆ ಒಂದು ಗ್ರಾಂ ತೂಕವೂ ಬೇಡವೆಂದು ಖಾಲಿ ಹೊರಟು, ಬೈರಮಂಗಲ ಕ್ರಾಸಿನಲ್ಲಿ ನಿಂತು ಮನೆಗೆ ಫೋನ್ ಮಾಡುತ್ತಾರೆ. ಹೆಂಡತಿ ಭಾನುವಾರ ಬೆಳಿಗ್ಗೆ ನಿದ್ದೆಗೆಟ್ಟು ಕಾರು ತೆಗೆಯಬೇಕು. ಇದು ಹಗುರವಲ್ಲ, ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸುವುದು.

ಅದಕ್ಕಿಂತ ಕೆಟ್ಟದ್ದು ಖಾಲಿ ಕಾರ್ಟ್ರಿಡ್ಜನ್ನೂ ಹರಿದ ಟ್ಯೂಬನ್ನೂ ರಸ್ತೆಬದಿಗೆ ಎಸೆದು ಹೋಗುವುದು. ಹೊಲದಂಚಿನಲ್ಲಿ ಆ ಬೆಳ್ಳಿಬಣ್ಣದ ಗುಂಡುಗಳನ್ನು ಕಂಡಾಗ ನನಗೆ ನಿಜಕ್ಕೂ ನಾಚಿಕೆಯಾಗುತ್ತದೆ. ರಸ್ತೆಗೆ ಬಿದ್ದದ್ದನ್ನು ಎತ್ತುವವರೂ ಇದ್ದಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಬೆಂಗಳೂರಿನ ಒಬ್ಬ ಎಂಜಿನಿಯರ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಯಸ್ಕಾಂತ ಹಿಡಿದು ಹೊರವರ್ತುಲ ರಸ್ತೆಯ ಮೊಳೆಗಳನ್ನು ಕಿಲೋಗಟ್ಟಲೆ ಆಯ್ದಿದ್ದರು. ಯಾರೋ ಬೇಕೆಂದೇ ಚೆಲ್ಲುತ್ತಿದ್ದರೆಂಬ ಅನುಮಾನವಿತ್ತು. ಬೇಕೆಂದೇ ಮೊಳೆ ಚೆಲ್ಲಿದವರಲ್ಲಿ ಮಿಷೆಲಿನ್ ಕಂಪನಿಯೂ ಒಂದು: 1892ರಲ್ಲಿ ಪ್ಯಾರಿಸ್ಸಿನಿಂದ ಕ್ಲೆರ್ಮೋಂ-ಫೆರಾಂಗೆ ತಾನೇ ಏರ್ಪಡಿಸಿದ ರೇಸಿನ ದಾರಿಗೆ ಮೊಳೆ ಹಾಕಿಸಿತು. ತನ್ನ ಬಿಚ್ಚಿ ಹಾಕುವ ಟೈರಿನ ಪಂಕ್ಚರ್ ತಿದ್ದುವುದು ಎಷ್ಟು ಸುಲಭವೆಂದು ತೋರಿಸುವುದು ಅದರ ಉದ್ದೇಶ. ರಸ್ತೆಯಲ್ಲಿ ಕುಳಿತು ತಾನೇ ಟ್ಯೂಬ್ ಬದಲಿಸುವ ಈ ವಿದ್ಯೆ ಬೆಳೆದದ್ದು ಅಂಥವರಿಂದ.

ತೇಪೆಯ ವಾದವಂತೂ ಮುಗಿದಿಲ್ಲ. ನನ್ನ ಜೊತೆ ಸೈಕಲ್ ಹೊಡೆಯುವ ಗೆಳೆಯ, ಒಮ್ಮೆ ತೂತಾದ ಟ್ಯೂಬನ್ನು ಎಸೆಯಬೇಕು ಎನ್ನುತ್ತಾನೆ. ಸರಿಯಾಗಿ ತೇಪೆ ಹಾಕಿದ ಬ್ಯೂಟೈಲ್ ಟ್ಯೂಬ್ ಹೊಸದರಷ್ಟೇ ಗಟ್ಟಿ ಎಂಬುದು ನನ್ನ ಮಾತು. ಅವನ ತೇಪೆ ಬಿಟ್ಟುಕೊಳ್ಳುವುದು ಅವನ ಅವಸರದಿಂದ. ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಅದರ ಹೊಳಪು ಹೋಗಿ ಮಾಸಲಾಗುವವರೆಗೆ ಕಾಯಬೇಕು. ಒದ್ದೆ ಇರುವಾಗಲೇ ಪ್ಯಾಚ್ ಒತ್ತಿದರೆ ಹಿಡಿಯುವುದಿಲ್ಲ. ಟಿಪಿಯುಗೆ ಈ ಸೊಲ್ಯೂಷನ್ ಅಂಟುವುದೇ ಇಲ್ಲ, ಅದರದೇ ಪ್ಯಾಚ್ ಬೇಕು ಎಂಬುದನ್ನು ಅವನು ತನ್ನ ವಾದಕ್ಕೆ ಹೊಸ ಆಧಾರ ಮಾಡಿಕೊಂಡಿದ್ದಾನೆ. ಬರುವ ಭಾನುವಾರ ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಮತ್ತೆ ಕೂರುತ್ತೇವೆ. ನಾನು ಬಿಟ್ಟುಕೊಡುವುದಿಲ್ಲ.