ಅಕ್ಕನಿಗೆ 12 ಬೈಟ್

ಟರ್ಬೊ ಸಿ ಕಲಿತ ನಾವೆಲ್ಲ ಪ್ರೋಗ್ರಾಂ ಕೊನೆಗೆ ಒಂದು ಗೆಟ್‌ಚ್ ಬರೆದವರೇ. ಅದೇ ಪ್ರೋಗ್ರಾಂನ ಉಬುಂಟುಗೆ ತಗೊಂಡು ಹೋದ್ರೆ ಕಂಪೈಲರ್ "ಕೋನಿಯೋ ಡಾಟ್ ಎಚ್ ಅನ್ನೋ ಫೈಲೇ ಇಲ್ಲ" ಅನ್ನುತ್ತೆ. ಕೀಬೋರ್ಡ್ ಅದೇ, ಸಿ ಭಾಷೆ ಅದೇ, ಬೆರಳೂ ನಮ್ಮದೇ. ಒಂದು ಕೀ ಒತ್ತೋದು ಎರಡು ಕಡೆ ಎರಡು ಥರ ಯಾಕೆ? ಕ್ಲಬ್‌ನ ನಾವು ನಾಲ್ಕು ಜನ ಸೆಮ್ ರಜೆಯಲ್ಲಿ ಇದರ ಬೆನ್ನು ಹತ್ತಿದೆವು. ಹುಡುಕಾಟ ಕೊನೆಗೆ ಬಂದು ನಿಂತದ್ದು ಕನ್ನಡದ ಹತ್ತಿರ.

ಮೊದಲು ಲಿನಕ್ಸ್ ಕಥೆ. ಅದರ ಹಿರಿಯಣ್ಣ ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಆಗ ಕಂಪ್ಯೂಟರ್ ಜೊತೆ ಮಾತಾಡೋಕೆ ಬಳಸುತ್ತಿದ್ದದ್ದು ಟೆಲಿಟೈಪ್. ಟೈಪ್‌ರೈಟರ್ ಥರದ ಯಂತ್ರ, ಒಂದು ಕಾಗದದ ಸುರುಳಿ, ಕಂಪ್ಯೂಟರ್‌ವರೆಗೆ ಒಂದು ತಂತಿ. ಲಿನಕ್ಸ್‌ನಲ್ಲಿ ಇವತ್ತಿಗೂ ಕಾಣೋ 'ಟಿಟಿವೈ' ಅನ್ನೋ ಹೆಸರು ಆ ಯಂತ್ರದ್ದೇ. ತಂತಿಯಲ್ಲಿ ಬರೋದು ಒಂದರ ಹಿಂದೆ ಒಂದು ಬೈಟ್, ಅಷ್ಟೇ. ಹಾಗಾಗಿ ಪ್ರೋಗ್ರಾಂಗೆ ಕೀ ಕಾಣಲ್ಲ, ಬೈಟ್ ಮಾತ್ರ ಕಾಣುತ್ತೆ.

ಮಧ್ಯದಲ್ಲಿ ಕರ್ನಲ್ ಒಳಗೆ ಒಬ್ಬರು ಕೂತಿರ್ತಾರೆ, ಹೆಸರು ಲೈನ್ ಡಿಸಿಪ್ಲಿನ್. ನಮ್ಮ ಹಾಸ್ಟೆಲ್ ಗೇಟಿನ ಸೆಕ್ಯುರಿಟಿ ಅಂಕಲ್ ಇದ್ದ ಹಾಗೆ. ಎಂಟರ್ ಒತ್ತೋವರೆಗೆ ಸಾಲನ್ನ ತಮ್ಮ ಹತ್ತಿರವೇ ಇಟ್ಕೊಂಡಿರ್ತಾರೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸೋದೂ ಅವರೇ. ಕಂಟ್ರೋಲ್-ಸಿ ಅಂದ್ರೆ 3ನೇ ನಂಬರಿನ ಬೈಟ್. ಅದನ್ನ ಒಳಗೆ ಬಿಡದೆ ಪ್ರೋಗ್ರಾಂಗೆ "ನಿಲ್ಲಿಸಪ್ಪ" ಅಂತ ಸಿಗ್ನಲ್ ಕಳಿಸ್ತಾರೆ. ವಿಮ್‌ನಂಥ ಎಡಿಟರ್ "ಅಂಕಲ್, ಸ್ವಲ್ಪ ಪಕ್ಕಕ್ಕೆ ಬನ್ನಿ" ಅಂತ ಹೇಳಿ ಎಲ್ಲ ಬೈಟನ್ನೂ ತಾನೇ ತಗೊಳ್ಳುತ್ತೆ. ಇದಕ್ಕೆ ರಾ ಮೋಡ್ ಅಂತಾರೆ. ಮೇಲಿನ ಬಾಣದ ಕೀ ಒತ್ತಿದರೆ ಹೋಗೋದು 27, 91, 65 ಅನ್ನೋ ಮೂರು ಬೈಟ್. ಬ್ಯಾಶ್ ಅದನ್ನ ಅರ್ಥ ಮಾಡ್ಕೊಂಡು ಹಳೇ ಕಮ್ಯಾಂಡ್ ತೋರಿಸುತ್ತೆ. ನಮ್ಮ ಸ್ಕ್ಯಾನ್ಎಫ್ ಕಾಯ್ತಾ ಇರುವಾಗ ಒತ್ತಿದರೆ ಸ್ಕ್ರೀನ್ ಮೇಲೆ ಟೋಪಿ, ಬ್ರ್ಯಾಕೆಟ್ ಅಂತ ಏನೇನೋ ಬೀಳುತ್ತೆ.

ವಿಂಡೋಸ್‌ನ ವಂಶವೇ ಬೇರೆ. ಅದರ ಮೂಲ 1981ರ ಐಬಿಎಂ ಪಿಸಿ. ಕೀಬೋರ್ಡು, ಸ್ಕ್ರೀನು ಎಲ್ಲ ಒಂದೇ ಮೇಜಿನ ಮೇಲೆ, ದೂರದ ತಂತಿ ಇಲ್ಲ. ಹಾಗಾಗಿ ವಿಂಡೋಸ್ ಕನ್ಸೋಲ್ ಪ್ರತಿ ಕೀಗೂ ಒಂದು ಪೂರ್ತಿ ವರದಿ ಇಡುತ್ತೆ: ಯಾವ ಕೀ, ಒತ್ತಿದ್ದಾ ಬಿಟ್ಟಿದ್ದಾ, ಶಿಫ್ಟ್ ಹಿಡಿದಿತ್ತಾ, ಬಂದ ಅಕ್ಷರ ಯಾವುದು. ಕೀ ಬಿಟ್ಟ ಸುದ್ದಿ ಟೆಲಿಟೈಪ್ ತಂತಿಯಲ್ಲಿ ಬರೋದೇ ಇಲ್ಲ. ಅಲ್ಲಿ ಗೆಟ್‌ಚ್‌ಗೆ ಮೇಲಿನ ಬಾಣ ಅಂದ್ರೆ 224, ಆಮೇಲೆ 72. ಇನ್‌ಪುಟ್ ಮುಗೀತು ಅನ್ನೋಕೆ ಲಿನಕ್ಸ್‌ನಲ್ಲಿ ಕಂಟ್ರೋಲ್-ಡಿ, ವಿಂಡೋಸ್‌ನಲ್ಲಿ ಕಂಟ್ರೋಲ್-ಝಡ್ ಮತ್ತು ಎಂಟರ್. 2018ರಲ್ಲಿ ವಿಂಡೋಸ್ 10ಕ್ಕೆ ಯೂನಿಕ್ಸ್ ಥರದ ಸೂಡೋ ಕನ್ಸೋಲ್ ಬಂತು. ಈಗ ಎರಡು ಮನೆಗಳ ನಡುವೆ ಓಡಾಟ ಶುರುವಾಗಿದೆ.

ಈಗ ನಮ್ಮ ವಿಷಯ. 'ಅಕ್ಕ' ಅಂತ ಟೈಪ್ ಮಾಡೋಣ. ನುಡಿ ಕೀಲಿಮಣೆಯಲ್ಲಿ ಎ, ಕೆ, ಎಫ್, ಕೆ, ಒಟ್ಟು ನಾಲ್ಕು ಕೀ. ನಾವು ಓದೋದು ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು ಸಂಕೇತ: ಅ, ಕ, ವಿರಾಮ, ಕ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ ಸ್ಟ್ರಿಂಗ್‌ಲೆನ್ ಕೇಳಿದರೆ ಉತ್ತರ 12. ವಿಂಡೋಸ್ ಒಳಗಿನ ಯುಟಿಎಫ್-16ರಲ್ಲಿ ಅದೇ ಅಕ್ಕನಿಗೆ 8 ಬೈಟ್. ಎರಡು ಅಕ್ಷರ ಅಂತ ಹೇಳೋರು ಯಾರೂ ಇಲ್ಲ, ನಮ್ಮನ್ನ ಬಿಟ್ಟು.

ಸ್ಕ್ರೀನ್ ಕಥೆಯೂ ಅಷ್ಟೇ. ಟರ್ಮಿನಲ್ ಅಂದ್ರೆ ಚೌಕುಳಿ ಪುಸ್ತಕ, ಒಂದು ಮನೆಗೆ ಒಂದು ಅಕ್ಷರ ಅನ್ನೋ ಲೆಕ್ಕ. ಒತ್ತಕ್ಷರ ಆ ಮನೆಗೆ ಒಗ್ಗಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಲಿನಕ್ಸ್‌ನ ಬರಿ ಕನ್ಸೋಲ್‌ಗೆ ಹೋದ್ರಂತೂ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಚಿತ್ರಗಳಿಗೆ ಜಾಗ, ಒತ್ತು ಕೂಡಿಸೋ ವ್ಯವಸ್ಥೆಯೇ ಇಲ್ಲ.

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಪ್ರೋಗ್ರಾಂ ಹೆಸರು ಕೇಳಿದರೆ ಕೈ ತಾನಾಗಿ ಇಂಗ್ಲಿಷ್‌ಗೆ ಹೋಗುತ್ತೆ. ಕಂಪ್ಯೂಟರ್‌ಗೆ ಕನ್ನಡ ಕಷ್ಟ ಅನ್ನೋ ಮಾತನ್ನ ನಾವೂ ಕೇಳ್ತಾ ಬೆಳೆದವರು. ಇಷ್ಟು ಓದಿದ ಮೇಲೆ ನಮಗೆ ಹಾಗನ್ನಿಸಲ್ಲ. ಒಂದು ಕೀ, ಒಂದು ಬೈಟ್, ಒಂದು ಮನೆ ಅನ್ನೋದು ಟೆಲಿಟೈಪ್ ಕಾಲದಲ್ಲಿ ಇಂಗ್ಲಿಷಿಗೆ ಅಂತ ಹಾಕಿದ ಲೆಕ್ಕ. ಜನ ಹಾಕಿದ ಲೆಕ್ಕವನ್ನ ಜನರೇ ತಿದ್ದಬಹುದು. ಸ್ವಲ್ಪ ತಿದ್ದಿದ್ದೂ ಆಗಿದೆ: ಲಿನಕ್ಸ್‌ನಲ್ಲಿ ಐಯುಟಿಎಫ್8 ಅಂತ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಗೇಟಿನ ಅಂಕಲ್ ಒಂದು ಬೈಟ್ ಬದಲು ಒಂದು ಪೂರ್ತಿ ಸಂಕೇತ ಅಳಿಸ್ತಾರೆ.

ಇವತ್ತು ರಾತ್ರಿ ನೀವೂ ನೋಡಿ. ಉಬುಂಟು ಟರ್ಮಿನಲ್‌ನಲ್ಲಿ ಕ್ಯಾಟ್ ಕೊಟ್ಟು ಅಕ್ಕ ಅಂತ ಬರೆದು, ಒಂದೇ ಒಂದು ಬ್ಯಾಕ್‌ಸ್ಪೇಸ್, ಆಮೇಲೆ ಎಂಟರ್. ವಾಪಸ್ ಬರೋದು 'ಅಕ್'. ಆಮೇಲೆ ಎಸ್‌ಟಿಟಿವೈ ಕಮ್ಯಾಂಡ್‌ನಿಂದ ಆ ಸೆಟ್ಟಿಂಗ್ ಆಫ್ ಮಾಡಿ ಇನ್ನೊಮ್ಮೆ ನೋಡಿ. ಈ ಸಲ ಕೊನೆಯ ಕ ಅರ್ಧಕ್ಕೆ ಮುರಿದಿರುತ್ತೆ. ಒಂದು ಬ್ಯಾಕ್‌ಸ್ಪೇಸ್‌ಗೆ 'ಕ್ಕ' ಪೂರ್ತಿ ಹೋಗಬೇಕಾ, ಬರೀ ಒತ್ತು ಹೋದ್ರೆ ಸಾಕಾ? ನಮ್ಮ ನಾಲ್ವರಲ್ಲೇ ಇನ್ನೂ ಜಗಳ ಮುಗಿದಿಲ್ಲ. ಕ್ಲಬ್ ಮೀಟಿಂಗ್‌ಗೆ ಬಂದು ನಿಮ್ಮ ಪಕ್ಷ ಹೇಳಿ.